ಹಿತ್ತಿಲಿಗೂ ನೀರಿನ ಪಾಲು ಬೇಕು

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ಮುಂಜಾನೆಯೇ ಪಂಪಿನ ಸದ್ದು ಕೇಳತೊಡಗುವುದು. ತೋಟದ ತುದಿಯ ಮರಕ್ಕೂ ನೀರು ಮುಟ್ಟಿತೇ ಇಲ್ಲವೇ ಎಂದು ಮನೆಯ ಯಜಮಾನರು ತಲೆಗೆ ಮುಂಡಾಸು ಕಟ್ಟಿಕೊಂಡು ಹೋಗಿ ನೋಡಿ ಬರುತ್ತಾರೆ. ಅದೇ ಹೊತ್ತಿನಲ್ಲಿ ಅಡುಗೆಮನೆಯ ಹಿಂದೆ ಮನೆಯೊಡತಿಯು ಅಕ್ಕಿ ತೊಳೆದ ನೀರನ್ನೂ ಪಾತ್ರೆ ಬೆಳಗಿದ ನೀರನ್ನೂ ಚೆಲ್ಲಿ ಹೋಗದಂತೆ ಜೋಪಾನವಾಗಿ ಒಯ್ದು ಬಸಳೆಯ ಬುಡಕ್ಕೆ ಹೊಯ್ಯುತ್ತಿರುತ್ತಾಳೆ. ಒಂದೇ ಬಾವಿಯ ನೀರು. ಆದರೆ ಒಂದು ಕಡೆ ಸರದಿ, ಲೆಕ್ಕ, ಪೈಪು. ಇನ್ನೊಂದು ಕಡೆ ಉಳಿದರೆ ಉಂಟು, ಇಲ್ಲವಾದರೆ ಇಲ್ಲ.

ಗೊಬ್ಬರದ ಕಥೆಯೂ ಇದೇ. ಹಟ್ಟಿಯ ಗೊಬ್ಬರ ತೋಟಕ್ಕೆ ಹೋಗಿ, ಬುಟ್ಟಿಯ ತಳದಲ್ಲಿ ಮೆತ್ತಿದ್ದು ಹಿತ್ತಿಲಿಗೆ. ಆಳುಗಳೂ ಹಾಗೆಯೇ. ತೋಟದ ಕೆಲಸ ಮುಗಿದು ಅರ್ಧ ಗಂಟೆ ಉಳಿದರೆ ‘ಆ ತೊಂಡೆ ಚಪ್ಪರದ ಕಂಬ ಒಂದು ನೆಟ್ಟು ಹೋಗು’ ಎಂದು ಹೇಳುವುದುಂಟು. ಆ ಅರ್ಧ ಗಂಟೆ ಉಳಿಯುವುದು ಅಪರೂಪ. ಹೀಗೆ ಉಳಿಕೆಯಲ್ಲೇ ಬದುಕುವ ಹಿತ್ತಿಲು ಎರಡು ಬೇಸಗೆ ಕಳೆಯುವಷ್ಟರಲ್ಲಿ ಒಣಗಿ ಹೋಗುತ್ತದೆ. ಆಮೇಲೆ ‘ನಮ್ಮ ಮಣ್ಣಿನಲ್ಲಿ ತರಕಾರಿ ಆಗುವುದಿಲ್ಲ’ ಎಂಬ ಮಾತು ಹುಟ್ಟುತ್ತದೆ. ಆ ಜಾಗದಲ್ಲಿ ಹತ್ತು ಅಡಿಕೆ ಸಸಿ ನೆಡುತ್ತಾರೆ, ಇಲ್ಲವೇ ಸಿಮೆಂಟಿನ ಇಟ್ಟಿಗೆ ಹಾಸಿ ವಾಹನ ನಿಲ್ಲಿಸುತ್ತಾರೆ.

ನೀರು, ಗೊಬ್ಬರ, ಕೆಲಸ ಈ ಮೂರರಲ್ಲೂ ಹಿತ್ತಿಲಿನ ಪಾಲನ್ನು ಮೊದಲು ತೆಗೆದಿರಿಸಿ ಉಳಿದದ್ದನ್ನು ತೋಟಕ್ಕೆ ಕೊಡಬೇಕೆಂಬುದೇ ನನ್ನ ವಾದ. ಅಡಿಕೆಯ ಧಾರಣೆಯನ್ನು ದಿನ ದಿನ ಪತ್ರಿಕೆಯಲ್ಲಿ ನೋಡುವವರಿಗೆ ಇದು ವಿಪರೀತವಾಗಿ ಕೇಳಿಸಬಹುದು. ಆದುದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ಅಡಿಕೆ ಮರವೊಂದಕ್ಕೆ ಪ್ರತಿ ಸಲ ಸುಮಾರು 175 ಲೀಟರು ನೀರು ಕೊಡಬೇಕೆಂದು, ಮಾರ್ಚಿನಿಂದ ಮೇ ತನಕ ಮೂರರಿಂದ ಐದು ದಿನಗಳಿಗೊಮ್ಮೆ ಹಾಗೆ ಕೊಡಬೇಕೆಂದು ನಮ್ಮ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯದ ಶಿಫಾರಸು. ನಾಲ್ಕು ದಿನಗಳಿಗೊಮ್ಮೆ ಎಂದಿಟ್ಟರೆ ಮರವೊಂದಕ್ಕೆ ದಿನಕ್ಕೆ 44 ಲೀಟರಿನಷ್ಟಾಯಿತು. ಇನ್ನು ಹಿತ್ತಿಲು. ಮನೆಯ ಸುತ್ತ ಐದು ಸೆಂಟು ಜಾಗವಿದೆ ಎನ್ನಿ, ಅಂದರೆ ಸುಮಾರು 200 ಚದರ ಮೀಟರು. ಅದರಲ್ಲಿ ಹಣ್ಣಿನ ಮರ, ಹೂವಿನ ಗಿಡ, ಗೆಡ್ಡೆಗಳನ್ನು ಬಿಟ್ಟು ಕಡು ಬೇಸಗೆಯಲ್ಲಿ ದಿನವೂ ನೀರು ಬೇಡುವ ಪಾತಿಗಳು 50 ಚದರ ಮೀಟರಿಗಿಂತ ಹೆಚ್ಚಿರಬೇಕಾಗಿಲ್ಲ. ಮೀಟರಿಗೆ ಐದು ಲೀಟರಿನಂತೆ ದಿನಕ್ಕೆ 250 ಲೀಟರು. ಆರು ಅಡಿಕೆ ಮರದ ನೀರು ಇದು! ಎಕರೆಗೆ 550 ಮರ ನಿಲ್ಲುವ ತೋಟದಲ್ಲಿ ಆರು ಮರ ಎಂದರೆ ನೂರಕ್ಕೆ ಒಂದು. ಹನಿ ನೀರಾವರಿ ಹಾಕಿಸಿದವರ ತೋಟದಲ್ಲಿ ಮರಕ್ಕೆ ದಿನಕ್ಕೆ 20 ಲೀಟರು ಸಾಕಾಗುವುದರಿಂದ ಈ ಆರು ಹನ್ನೆರಡೋ ಹದಿಮೂರೋ ಆದೀತು. ಆದರೆ ಅವರ ಕೆರೆಯಲ್ಲಿ ಉಳಿಯುವ ನೀರೂ ಅಷ್ಟೇ ಹೆಚ್ಚಷ್ಟೆ.

ಗೊಬ್ಬರದ ಲೆಕ್ಕವೂ ಹೆದರುವಂಥದ್ದಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕೊಳೆತ ಗೊಬ್ಬರ ಮತ್ತು 12 ಕಿಲೋ ಹಸುರು ಸೊಪ್ಪು ಬೇಕೆನ್ನುತ್ತಾರೆ. ತರಕಾರಿಗೆ ಮೀಟರಿಗೆ ಎರಡೂವರೆ ಕಿಲೋದಂತೆ ಐದು ಸೆಂಟಿಗೂ ಧಾರಾಳವಾಗಿ ಹಾಕಿದರೂ 500 ಕಿಲೋ ಗೊಬ್ಬರ, ಅಂದರೆ ನಲವತ್ತು ಚಿಲ್ಲರೆ ಮರದ ಪಾಲು. ಒಂದೆಕರೆಯ ತೋಟವಿರುವವನು ಇಷ್ಟನ್ನು ಕೊಟ್ಟರೆ ಬಡವನಾಗುವುದಿಲ್ಲ. ಮೇಲಾಗಿ ಮನೆಯ ಬೂದಿ, ಸುಡುಮಣ್ಣು, ಅಂಗಳ ಗುಡಿಸಿದ ತರಗೆಲೆ ಇವೆಲ್ಲ ತೋಟದ ತನಕ ಹೋಗುವುದೂ ಇಲ್ಲ, ಹಿತ್ತಿಲಿನದ್ದೇ ಆಗಿವೆ.

‘ತರಕಾರಿ ಪೇಟೆಯಲ್ಲಿ ಸಿಗುತ್ತದಲ್ಲ’ ಎಂಬ ಮಾತಿಗೆ ಉತ್ತರ ಹೇಳಬೇಕಾಗಿದೆ. ಸಿಗುತ್ತದೆ, ನಿಜ. ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಬರುತ್ತದೆ. ಓಣಕ್ಕೆ ಅಂಗಳದಲ್ಲಿ ಹೂವಿನ ರಂಗವಲ್ಲಿ ಬಿಡಿಸಲು ಕೇರಳದವರಿಗೆ ಬೇಕಾಗುವ ಗೊಂಡೆ ಹೂ ಕೂಡ ಗುಂಡ್ಲುಪೇಟೆಯ ಹೊಲಗಳಿಂದ ಲಾರಿ ಹತ್ತಿ ಬರುತ್ತದೆ. ಮಳೆ ಬಂದು ಘಾಟಿ ರಸ್ತೆ ಕುಸಿದ ವಾರ ಬೆಂಡೆಯ ಕ್ರಯ ಎಷ್ಟಾಗುತ್ತದೆಂಬುದು ವಾಚಕರಿಗೆ ತಿಳಿಯದ್ದಲ್ಲ. ಹಣದ ಮಾತು ಹಾಗಿರಲಿ. ವಿಷದ ವಿಚಾರದಲ್ಲಿ ಬೇರೆ ಯಾವ ಜಿಲ್ಲೆಯವರು ಸುಮ್ಮನಿದ್ದರೂ ನಾವು ಸುಮ್ಮನಿರುವಂತಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನು ಸುರಿಯಿತು. ಗುಡ್ಡದ ಬುಡದ ಮನೆಗಳ ಬಾವಿ, ಸುರಂಗ, ಬಸಳೆ ಚಪ್ಪರ ಯಾವುದನ್ನೂ ಅದು ಬಿಡಲಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆಯ ಮನೆಗಳಲ್ಲಿ ಅದರ ಫಲವನ್ನು ಇಂದಿಗೂ ಹಾಸಿಗೆಯಲ್ಲೇ ಕಾಣಬಹುದು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ಒಂದು ವಿಷದ ಹೆಸರು ಅಳಿಸಿತೆಂದ ಮಾತ್ರಕ್ಕೆ, ಯಾವುದೋ ಊರಿನ ಹೊಲದಲ್ಲಿ ಯಾರೋ ಸಿಂಪಡಿಸಿದ್ದನ್ನು ಏನೆಂದು ಕೇಳದೆ ತಂದು ಮಕ್ಕಳಿಗೆ ಬಡಿಸುವುದು ನಮಗೆ ಹೇಗೆ ರೂಢಿಯಾಯಿತೋ ತಿಳಿಯದು.

ಹಿತ್ತಿಲು ಎಲ್ಲವನ್ನೂ ಕೊಡುತ್ತದೆಂದು ನಾನು ಹೇಳುವುದಿಲ್ಲ. ನೀರುಳ್ಳಿ, ಬಟಾಟೆ, ಕ್ಯಾರೆಟು ಪೇಟೆಯವೇ. ತಲೆಗೆ ದಿನಕ್ಕೆ 300 ಗ್ರಾಂ ತರಕಾರಿಯಾದರೂ ಬೇಕೆಂದು ಆಹಾರ ತಜ್ಞರು ಬಹುಕಾಲದಿಂದ ಹೇಳುತ್ತಿದ್ದಾರೆ. ಐದು ಮಂದಿಯ ಮನೆಗೆ ಒಂದೂವರೆ ಕಿಲೋ ಆಯಿತು. ಅದರಲ್ಲಿ ಒಂದು ಕಿಲೋ ಹಿತ್ತಿಲಿನಿಂದ ಬಂದರೆ, ಅದೂ ಸೊಪ್ಪು ಸೊಪ್ಪಾಗಿ ಆಗತಾನೇ ಕೊಯ್ದದ್ದಾಗಿ ಬಂದರೆ, ಬೇರೇನು ಬೇಕು?

ಈಗ ಹಿತ್ತಿಲೆಂದರೆ ಏನೆಂಬುದನ್ನು ಸ್ವಲ್ಪ ಸ್ಪಷ್ಟಪಡಿಸಬೇಕು. ಇತ್ತೀಚೆಗೆ ಕೆಲವರು ಮುಂದೆ ಹೂದೋಟ, ಹಿಂದೆ ತರಕಾರಿ ತೋಟ, ದೂರದಲ್ಲಿ ಹಣ್ಣಿನ ತೋಟ ಎಂದು ಕೋಣೆ ಕೋಣೆಯಾಗಿ ವಿಂಗಡಿಸುವುದನ್ನು ಕಂಡಿದ್ದೇನೆ. ನೋಡಲಿಕ್ಕೆ ಚೆಂದ. ಆದರೆ ನಮ್ಮ ಹಿರಿಯರ ಹಿತ್ತಿಲು ಹಾಗಿರಲಿಲ್ಲ. ಬಚ್ಚಲಿನ ನೀರು ಹರಿಯುವಲ್ಲಿ ಕೆಸು ಮತ್ತು ಬಾಳೆ, ಅದರ ಪಕ್ಕದಲ್ಲೇ ಬಸಳೆ ಚಪ್ಪರ. ಚಪ್ಪರದ ಕಂಬದ ಬುಡದಲ್ಲಿ ಒಂದು ಸಾಲು ಅಬ್ಬಲಿಗೆ. ಬೇಲಿಯಲ್ಲಿ ದಾಸವಾಳ, ಗೋರಟೆ; ದಾಸವಾಳದ ಮೇಲೆ ಹಬ್ಬಿದ ತೊಂಡೆ. ಬಾವಿಕಟ್ಟೆಯ ಬಳಿ ಮಲ್ಲಿಗೆ ಮತ್ತು ಕರಿಬೇವು. ಪೇರಳೆಯ ನೆರಳಿನಲ್ಲಿ ಶುಂಠಿ, ಅರಿಶಿನ, ಎರಡು ಮೂಲೆಯಲ್ಲಿ ಅನಾನಸು. ಜೀಗುಜ್ಜೆ, ಅಂಬಟೆ, ನುಗ್ಗೆ ಇವುಗಳಿಗೆ ಹಟ್ಟಿಯ ಹಿಂಬದಿ. ಇದು ಅಸ್ತವ್ಯಸ್ತವೆಂದು ಪೇಟೆಯ ಕಣ್ಣಿಗೆ ತೋರಬಹುದು. ಆದರೆ ಯಾವ ಗಿಡ ಎಲ್ಲಿ ನಿಂತಿದೆಯೋ ಅದಕ್ಕೆ ಒಂದೊಂದು ಕಾರಣವಿದೆ.

ಈ ಬೆರಕೆ ವಿದ್ವಾಂಸರ ಗಮನಕ್ಕೂ ಬಿದ್ದಿದೆ. ಕಾಸರಗೋಡಿನ ಸಂಶೋಧನಾಲಯದಲ್ಲಿ ತೆಂಗಿನ ನಡುವೆ ಹಲವು ಬೆಳೆಗಳನ್ನು ಒಟ್ಟಿಗೆ ಬೆಳೆಸುವ ಪ್ರಯೋಗಗಳಲ್ಲಿ 1970ರ ದಶಕದಲ್ಲಿ ತೊಡಗಿದ್ದ ಪಿ. ಕೆ. ಆರ್. ನಾಯರರು ಮುಂದೆ ಜಗತ್ತಿನ ಉಷ್ಣವಲಯದ ಮನೆತೋಟಗಳ ಕುರಿತು ದೊಡ್ಡ ಕೆಲಸ ಮಾಡಿದರು. ಹೊರದೇಶದವರು ಗ್ರಂಥಗಳಲ್ಲಿ ಓದುವ ಸಂಗತಿಯನ್ನು ನಾವು ಜೇಸೀಬಿ ತರಿಸಿ ಸಮತಟ್ಟು ಮಾಡುತ್ತಿದ್ದೇವೆ.

ತರಕಾರಿಯ ನಡುವೆ ಹೂವೇಕೆ? ದೇವರ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ ಎನ್ನುವುದು ಒಂದು ಉತ್ತರ. ಸೋಣ ತಿಂಗಳ ಹೊಸ್ತಿಲ ಪೂಜೆಗೆ ಹೂ ಕೊಂಡು ತರುವ ಮನೆಯನ್ನು ಕಂಡರೆ ಹಳಬರು ನಕ್ಕಾರು. ಆದರೆ ಬೇಸಾಯದ ದೃಷ್ಟಿಯಿಂದಲೂ ಉತ್ತರವುಂಟು. ಸೌತೆ, ಚೀನಿಕಾಯಿ, ಹಾಗಲ, ಹೀರೆ ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಒಂದರ ಪರಾಗ ಇನ್ನೊಂದಕ್ಕೆ ಮುಟ್ಟದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ‘ಮಿಡಿ ನಿಲ್ಲುವುದಿಲ್ಲ, ಯಾವ ಗೊಬ್ಬರ ಹಾಕಬೇಕು?’ ಎಂದು ಕೇಳುವವರು ಬಹಳ ಮಂದಿ. ಎಷ್ಟೋ ಕಡೆ ಬೇಕಾದದ್ದು ಗೊಬ್ಬರವಲ್ಲ, ನೊಣ. ಸೌತೆ, ಚೀನಿಕಾಯಿ, ಹಾಗಲಗಳ ಹೂ ಮುಂಜಾನೆ ಅರಳುತ್ತದೆ; ಮುಜಂಟಿ ಮತ್ತು ತುಡುವೆ ಜೇನು ಆ ಕೆಲಸ ಮಾಡುತ್ತವೆ. ಹೀರೆಯ ಹೂ ಅರಳುವುದು ಸಂಜೆ, ಪಡುವಲದ್ದು ಕತ್ತಲಾದ ಮೇಲೆ. ಅಲ್ಲಿ ಪತಂಗಗಳ ಸರದಿ. ಈ ಜೀವಿಗಳು ನಮ್ಮ ಸೌತೆ ಹೂ ಬಿಡುವ ಒಂದು ತಿಂಗಳಿಗಾಗಿ ಎಲ್ಲಿಂದಲೋ ಬರುವ ಕೂಲಿಯಾಳುಗಳಲ್ಲ. ಉಳಿದ ಹನ್ನೊಂದು ತಿಂಗಳೂ ಅವಕ್ಕೆ ಹೊಟ್ಟೆಯುಂಟು. ತುಳಸಿ, ತುಂಬೆ, ನುಗ್ಗೆ, ಒಂಟಿ ಎಸಳಿನ ಗೊಂಡೆ ಇವೆಲ್ಲ ವರ್ಷದ ಬೇರೆ ಬೇರೆ ಕಾಲಕ್ಕೆ ಅನ್ನ ನೀಡುತ್ತವೆ. ಬುಟ್ಟಿಯಷ್ಟು ದೊಡ್ಡ, ಎಸಳೇ ತುಂಬಿದ ಜಂಬದ ಹೂವಿನಲ್ಲಿ ಜೇನಿಗೆ ಸಿಗುವುದು ಕಡಿಮೆ.

ಅಲಸಂಡೆಯ ತುದಿಗೆ ಕಪ್ಪಗೆ ಮುತ್ತುವ ಹೇನನ್ನು ನೋಡಿ. ಅದನ್ನು ತಿನ್ನುವ ಗುಲಗಂಜಿ ಹುಳು ಪುಕ್ಕಟೆಯಾಗಿ ಬರುತ್ತದೆ. ಹೂವಿನ ಮೇಲೆ ಗಾಳಿಯಲ್ಲಿ ನಿಂತಂತೆ ಹಾರುವ ಒಂದು ಸಣ್ಣ ಪಟ್ಟೆ ನೊಣವುಂಟು. ಅದು ತಾನು ಮಕರಂದ ಕುಡಿದು ಬದುಕುತ್ತದೆ, ಅದರ ಮರಿಹುಳುಗಳು ಹೇನು ತಿಂದು ಬೆಳೆಯುತ್ತವೆ. ಹೂವಿಲ್ಲದ ಹಿತ್ತಿಲಿಗೆ ಆ ನೊಣ ಏಕೆ ಬಂದೀತು? ದಾಸವಾಳಕ್ಕೆ ಬರುವ ಸೂರಕ್ಕಿಯೂ ಜೇನಿನೊಂದಿಗೆ ಸಣ್ಣ ಹುಳುಗಳನ್ನು ಹೆಕ್ಕುತ್ತದೆ. ವಿಷದ ಡಬ್ಬಿ ಹಿಡಿದು ಹೊರಟವರು ಇವೆಲ್ಲವನ್ನೂ ಹೇನಿನೊಂದಿಗೆ ಕೊಲ್ಲುತ್ತಾರೆ. ಮರಳಿ ಬರುವುದರಲ್ಲಿ ಹೇನೇ ಮೊದಲು.

ಗೊಂಡೆ ಹೂವಿನ ವಿಚಾರದಲ್ಲಿ ಮಾತ್ರ ಒಂದು ಎಚ್ಚರಿಕೆ. ಬೆಂಡೆ, ಬದನೆಗಳ ಬೇರಿನಲ್ಲಿ ಗಂಟು ಗಂಟಾಗಿ, ಗಿಡ ಏಳದೆ ಹಳದಿಯಾಗುವ ರೋಗಕ್ಕೆ ಮಣ್ಣಿನ ಸೂಕ್ಷ್ಮ ಜಂತುಗಳು ಕಾರಣ. ಗೊಂಡೆಯ ಬೇರಿನಲ್ಲಿರುವ ಒಂದು ವಸ್ತು ಆ ಜಂತುಗಳಿಗೆ ಆಗದು. ಇದು ಪ್ರಯೋಗಗಳಿಂದ ಸಿದ್ಧಪಟ್ಟದ್ದು. ಆದರೆ ಮೂಲೆಗೊಂದು ಗೊಂಡೆ ಗಿಡ ನೆಟ್ಟು ರೋಗ ಹೋಯಿತೆಂದು ತಿಳಿಯಬಾರದು. ಗಂಟುರೋಗ ಬಂದ ಪಾತಿಯಲ್ಲಿ ಒಂದು ಋತು ಪೂರ್ತಿ ಗೊಂಡೆಯನ್ನೇ ಒತ್ತಾಗಿ ಬೆಳೆಸಿ, ಹೂ ಕೊಯ್ದ ಮೇಲೆ ಗಿಡವನ್ನು ಅಲ್ಲಿಗೇ ಮಗುಚಿ ಹಾಕಬೇಕು. ಹೂವಿನ ಹಣ ಬೇರೆ.

ಬೆರಕೆಯ ಗುಣ ಹರಿವೆಯಲ್ಲೂ ಕಾಣುತ್ತದೆ. ಮಳೆಗಾಲದಲ್ಲಿ ಕೆಂಪು ಹರಿವೆಗೆ ಎಲೆಚುಕ್ಕಿ ಬಡಿದು ನಾಲ್ಕು ದಿನಗಳಲ್ಲಿ ಸೊಪ್ಪೆಲ್ಲ ಹಾಳಾಗುವುದುಂಟು. ಹಸುರು ಹರಿವೆಗೆ ಆ ರೋಗ ಅಷ್ಟು ತಾಗುವುದಿಲ್ಲ. ಎರಡನ್ನೂ ಬೆರೆಸಿ ಬಿತ್ತಿದರೆ ರೋಗದ ಓಟ ನಿಧಾನವಾಗುತ್ತದೆ. ಎಲೆಯ ಮೇಲೆ ನೀರು ಚಿಮುಕಿಸದೆ ಬುಡಕ್ಕೆ ಹೊಯ್ಯುವುದೂ ಅಗತ್ಯ.

ಮರಗಳ ವಿಚಾರ. ಮನೆಯ ಪಕ್ಕದಲ್ಲೇ ಹಲಸು ನೆಟ್ಟು ಹತ್ತು ವರ್ಷದ ಮೇಲೆ ‘ಬಿಸಿಲೇ ಇಲ್ಲ’ ಎಂದು ಗೋಳಿಡುವವರಿದ್ದಾರೆ. ತರಕಾರಿಗೆ ಕಡಿಮೆಯೆಂದರೆ ಅರ್ಧ ದಿನದ ಬಿಸಿಲು ಬೇಕು. ಚಳಿಗಾಲದಲ್ಲಿ ನಮ್ಮಲ್ಲಿ ಸೂರ್ಯ ತೆಂಕಲಿಗೆ ವಾಲಿ ಹೋಗುವುದರಿಂದ ಪಾತಿಯ ತೆಂಕುದಿಕ್ಕಿನ ಮರ ಇಡೀ ಹಗಲು ನೆರಳು ಚಾಚುತ್ತದೆ. ಆದಕಾರಣ ಎತ್ತರದ ಮರಗಳು ಬಡಗಲಿಗೆ ಅಥವಾ ಪಡುವಲಿಗೆ ಇರಬೇಕು. ಪಡುವಣ ನೆರಳು ಬೇಸಗೆಯ ಅಪರಾಹ್ಣದಲ್ಲಿ ಉಪಕಾರಿಯೇ. ಹಲಸಿಗೆ ಗುಡ್ಡದ ಬದಿ ಬಿಟ್ಟುಕೊಡಿ. 2018ರಲ್ಲಿ ಕೇರಳ ಸರಕಾರ ಅದನ್ನು ರಾಜ್ಯದ ಹಣ್ಣೆಂದು ಸಾರಿದ್ದರಿಂದ ಅದಕ್ಕೇನೂ ಸಂಕೋಚವಾಗದು. ಹಿತ್ತಿಲಿನೊಳಗೆ ಪಪ್ಪಾಯಿ, ಪೇರಳೆ, ಲಿಂಬೆ, ಬಾಳೆ, ಒಂದು ಬಿಂಬುಳಿ ಸಾಕು.

ಕಾಲಕ್ಕೆ ಸರಿಯಾಗಿ ಬಿತ್ತುವುದರಲ್ಲಿ ನಮ್ಮ ಅಜ್ಜಿಯಂದಿರನ್ನು ಮೀರಿಸುವ ಪಂಚಾಂಗ ಇನ್ನೂ ಬಂದಿಲ್ಲ. ವರ್ಷದ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಆಮೇಲೆ ಆರು ತಿಂಗಳು ಮುಖ ತಿರುಗಿಸುವ ಸೀಮೆಯಿದು. ಪತ್ತನಾಜೆಯ ಆಚೀಚೆ, ಮೊದಲ ಮಳೆ ಬಿದ್ದು ಮಣ್ಣು ತಣಿದಾಗ ಬೆಂಡೆ, ಅಲಸಂಡೆ, ಹೀರೆ, ಪಡುವಲ, ಮುಳ್ಳುಸೌತೆಗಳ ಬೀಜ ಮಣ್ಣಿಗೆ ಸೇರಬೇಕು. ಜಡಿಮಳೆ ಹಿಡಿಯುವ ಮೊದಲು ಗಿಡ ನಾಲ್ಕು ಎಲೆ ಬಿಟ್ಟಿರಬೇಕು. ತಡಮಾಡಿದರೆ ಬೀಜ ಕೊಳೆಯುತ್ತದೆ. ಮಳೆಗಾಲದ ಪಾತಿ ಏರಿನ ಮೇಲಿರಲಿ, ಬೇಸಗೆಯದ್ದು ತಗ್ಗಿನಲ್ಲಿರಲಿ. ಸಾಂಬಾರಿನ ಸೌತೆಯನ್ನು ಮಕರ ಸಂಕ್ರಮಣ ಕಳೆದ ಮೇಲೆ ಹಾಕಿದರೆ ಬಿಸುವಿನ ಕಣಿಗೆ ಹೊಂಬಣ್ಣದ ಕಾಯಿ ಸಿದ್ಧ. ಉಳಿದವನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗಿಬಿಟ್ಟರೆ ಆಟಿಯ ತನಕ ಪದಾರ್ಥಕ್ಕೆ ಚಿಂತೆಯಿಲ್ಲ. ಶೀತಲ ಪೆಟ್ಟಿಗೆಗೆ ವಿದ್ಯುತ್ತು ಬೇಕು, ಬಾಳೆನಾರಿಗೆ ಬೇಡ. ಪಾತಿಗೆ ಅಡಿಕೆಯ ಸೋಗೆ, ತರಗೆಲೆ ಹೊದಿಸಿದರೆ ಮೇಲೆ ಹೇಳಿದ 250 ಲೀಟರಿನಲ್ಲೂ ಸಾಕಷ್ಟು ಉಳಿಯುತ್ತದೆ.

‘ನಮ್ಮ ಮಣ್ಣಿನಲ್ಲಿ ಬದನೆ ಆಗುವುದಿಲ್ಲ’ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಮುರಕಲ್ಲಿನ ಈ ಕೆಂಪುಮಣ್ಣು ಹುಳಿ. ಬದನೆ, ಮೆಣಸು, ಟೊಮೆಟೊ ಗಿಡಗಳು ಹಚ್ಚಗಿದ್ದಂತೆಯೇ ಒಂದು ಮಧ್ಯಾಹ್ನ ತಲೆಬಾಗಿ ಎರಡು ದಿನದಲ್ಲಿ ಸಾಯುವುದನ್ನು ಎಲ್ಲರೂ ನೋಡಿದ್ದಾರೆ. ನೀರು ಸಾಲಲಿಲ್ಲವೆಂದು ಮತ್ತಷ್ಟು ನೀರು ಹೊಯ್ಯುತ್ತಾರೆ. ಗಿಡದ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿದರೆ, ಹಾಲಿನ ಎಳೆಯಂಥದ್ದು ಇಳಿದು ಬರುವುದಾದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಆ ಜಾಗದಲ್ಲಿ ಮುಂದಿನ ಬೆಳೆ ಅಲಸಂಡೆಯೋ ಹರಿವೆಯೋ ಆಗಲಿ. ನೆಡುವುದಕ್ಕೆ ಎರಡು ವಾರ ಮೊದಲು ಸೆಂಟಿಗೆ ಎರಡು ಕಿಲೋ ಸುಣ್ಣ ಬೆರೆಸಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯವು ಈ ರೋಗವನ್ನು ತಾಳಿಕೊಳ್ಳುವ ‘ಸೂರ್ಯ’, ‘ಹರಿತ’ ಎಂಬ ಬದನೆಗಳನ್ನೂ ‘ಉಜ್ವಲ’ ಎಂಬ ಮೆಣಸನ್ನೂ ಹೊರತಂದಿದೆ. ಸುಂಡೆ ಗಿಡದ ಬುಡಕ್ಕೆ ಬದನೆಯ ಕುಡಿಯನ್ನು ಕಸಿಕಟ್ಟಿದರೂ ಗಿಡ ಸೊರಗದೆ ವರ್ಷಗಟ್ಟಲೆ ಕಾಯಿ ಕೊಡುವುದು. ಕಸಿ ಕಟ್ಟುವ ಕೈ ಊರಿಗೊಂದಾದರೂ ಇದ್ದೀತು, ಹುಡುಕಬೇಕು.

ಇನ್ನು ಮಂಗ, ನವಿಲು, ಹಂದಿ. ಹಿತ್ತಿಲು ಬಿಟ್ಟವರಲ್ಲಿ ಬಹುಮಂದಿ ಹೇಳುವ ಕಾರಣ ಇದೇ, ಮತ್ತು ಇದು ಸುಳ್ಳು ನೆಪವಲ್ಲ. ಮಂಗನ ಹಿಂಡು ಒಮ್ಮೆ ಇಳಿದರೆ ಆರು ತಿಂಗಳ ಶ್ರಮ ಅರ್ಧ ಗಂಟೆಯಲ್ಲಿ ಮುಗಿಯಿತು. ಬಲೆ, ಬೇಲಿ, ನಾಯಿ ಎಲ್ಲವೂ ಸ್ವಲ್ಪ ಸ್ವಲ್ಪ ಸಹಾಯವೇ ಹೊರತು ಪೂರ್ಣ ಪರಿಹಾರ ಯಾವುದೂ ಅಲ್ಲ. ಆದರೂ ಒಂದು ಮಾತು. ಮಂಗ ಆಸೆಪಡದ ಬೆಳೆಗಳೂ ಹಿತ್ತಿಲಿನಲ್ಲಿವೆ. ಶುಂಠಿ, ಅರಿಶಿನ, ಗಾಂಧಾರಿ ಮೆಣಸು, ಹಾಗಲ, ಕರಿಬೇವು, ತುರಿಸುವ ಕೆಸು ಮತ್ತು ಸುವರ್ಣಗೆಡ್ಡೆ ಇವನ್ನು ಹೊರಸಾಲಿಗೆ ಹಾಕಿ, ಬೆಂಡೆ, ಅಲಸಂಡೆ, ಸೌತೆಗಳನ್ನು ಅಡುಗೆಮನೆಯ ಬಾಗಿಲಿಗೆ ಕಾಣುವಷ್ಟು ಹತ್ತಿರ ತಂದರೆ ನಷ್ಟ ಕಡಿಮೆ. ಮನುಷ್ಯರು ಓಡಾಡುವ ಕಡೆ ಮಂಗಕ್ಕೂ ಸ್ವಲ್ಪ ಅಳುಕು. ಮುಂಚೆ ಹಿತ್ತಿಲಿನಲ್ಲಿ ಹೊತ್ತು ಹೊತ್ತಿಗೆ ಜನವಿರುತ್ತಿತ್ತು, ಈಗ ಇಲ್ಲ. ಈ ಪ್ರಾಣಿಗಳ ವಿಚಾರವಾಗಿ ಸರಕಾರ ಮಾಡಬೇಕಾದದ್ದು ಬಹಳವಿದೆ. ಅದನ್ನು ಇನ್ನೊಮ್ಮೆ ಬರೆಯಬೇಕು.

ಅಡಿಕೆ ತೋಟವಿಲ್ಲದ, ಐದು ಸೆಂಟಿನಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಈ ಪಾಲಿನ ಮಾತು ಅನ್ವಯಿಸುವುದಿಲ್ಲವೆಂದು ತಿಳಿಯಬಾರದು. ಅವರ ಪಾಲು ಬಚ್ಚಲಿನ ನೀರಿನಲ್ಲಿದೆ, ಕಂಪೌಂಡಿನ ಗೋಡೆಯಲ್ಲಿದೆ. ತೊಂಡೆಯ ಒಂದು ತುಂಡು ಬಳ್ಳಿ, ಬಸಳೆಯ ಒಂದು ಕಡ್ಡಿ, ಒಂದು ನುಗ್ಗೆಯ ಗೂಟ, ನಾಲ್ಕು ಅಬ್ಬಲಿಗೆ ಗಿಡ. ಇವಕ್ಕೆ ಕ್ರಯವೂ ಇಲ್ಲ, ನೆರೆಮನೆಯವರು ಇಲ್ಲವೆನ್ನುವುದೂ ಇಲ್ಲ.

ಕೊನೆಗೆ ಬೀಜದ ಮಾತು. ಹಿತ್ತಿಲಿನ ಬೆಳೆ ಈ ವರ್ಷ ಹೋದರೆ ಮುಂದಿನ ವರ್ಷ ಬಂದೀತು. ಬೀಜ ಹೋದರೆ ಹೋಯಿತು. ಒಂದು ಮೊಳ ಉದ್ದದ ಅಲಸಂಡೆ, ಬಿಳಿ ಬೆಂಡೆ, ನಾರಿಲ್ಲದ ಹೀರೆ, ತೊಟ್ಟಿನಲ್ಲಿ ಕಹಿಯಿಲ್ಲದ ಮುಳ್ಳುಸೌತೆ ಇಂಥವು ಕೃಷಿ ಇಲಾಖೆಯ ಪಟ್ಟಿಯಲ್ಲಿಲ್ಲ. ಎಪ್ಪತ್ತು ಎಂಬತ್ತು ದಾಟಿದ ಹೆಂಗಸರ ಸಂಚಿಯಲ್ಲಿವೆ. ಅವರು ಬೀಜಕ್ಕೆ ಬಿಡುವುದು ಕೊಯಿಲಿನ ನಡುವಣ ದಷ್ಟಪುಷ್ಟ ಕಾಯಿಯನ್ನು. ತಿಂದು ಉಳಿದ ಕೊನೆಯ ಕೊರಡನ್ನಲ್ಲ. ಸೌತೆಯ ಬೀಜವನ್ನು ತೊಳೆದು ಸಗಣಿಗೆ ಒತ್ತಿ ಗೋಡೆಗೆ ಬಡಿಯುತ್ತಾರೆ. ಹೀರೆಯನ್ನು ಅದರ ಒಣ ಸಿಪ್ಪೆಯಲ್ಲೇ ಒಲೆಯ ಹೊಗೆ ತಾಗುವಲ್ಲಿ ತೂಗಿಬಿಡುತ್ತಾರೆ. ಅಲಸಂಡೆಗೆ ಬೂದಿ ಸವರಿ ಕುಪ್ಪಿಗೆ ತುಂಬುತ್ತಾರೆ. ಅಲಸಂಡೆ ಹೆಚ್ಚಾಗಿ ತನ್ನಲ್ಲೇ ಪರಾಗಗೊಳ್ಳುವುದರಿಂದ ಜಾತಿ ಕೆಡುವುದಿಲ್ಲ. ಸೌತೆ, ಹೀರೆಗಳ ಬೀಜ ಹಿಡಿಯುವವರು ಆ ಕಾಲಕ್ಕೆ ಒಂದೊಂದರಲ್ಲಿ ಒಂದೇ ಜಾತಿಯನ್ನು ಬೆಳೆಸಬೇಕು. ಅಂಗಡಿಯ ಹೈಬ್ರಿಡ್ ಪೊಟ್ಟಣದ ಬೆಳೆಯಿಂದ ಬೀಜ ಹಿಡಿದು ತಾಯಿಗಿಡದಂತೆಯೇ ಬರಲೆಂದು ಕಾಯುವುದು ವ್ಯರ್ಥ.

ಕೃಷಿ ಭವನದಿಂದ ಸಿಗುವ ಪೊಟ್ಟಣಗಳನ್ನೂ ಬಿಡಬೇಕಾಗಿಲ್ಲ. ಆದರೆ ಅದರ ಮೇಲಿನ ಹೆಸರು ಮಲೆಯಾಳದಲ್ಲಿದ್ದರೆ ನಮ್ಮ ಹಿರಿಯ ಹೆಂಗಸರಿಗೆ ತೊಡಕಾಗುತ್ತದೆ. ಅವರ ಉಪಯೋಗಕ್ಕಾಗಿ ಇಷ್ಟು: ಪಯರ್ ಎಂದರೆ ಅಲಸಂಡೆ, ಚೀರ ಎಂದರೆ ಹರಿವೆ, ವೆಂಡ ಬೆಂಡೆ, ಪೀಚಿಂಙ ಹೀರೆ, ಪಾವಲ್ ಹಾಗಲ, ವೆಳ್ಳರಿ ಸೌತೆ, ಮತ್ತನ್ ಚೀನಿಕಾಯಿ, ವಳುದನ ಬದನೆ, ಕೋವಲ್ ತೊಂಡೆ. ಪಡುವಲ ಮತ್ತು ಕುಂಬಳ ಎರಡು ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ.

ಹಳೆಯ ಬೀಜ ಯಾರ ಮನೆಯಲ್ಲಿ ಉಳಿದಿದೆಯೋ ಅವರು ಬೀಜದ ಹೆಸರು, ಕಾಯಿಯ ಬಣ್ಣ ಮತ್ತು ಉದ್ದ, ಬಿತ್ತುವ ಕಾಲ ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ಕಚೇರಿಗೆ ಕಳುಹಿಸಬಹುದು. ಸಂಪಾದಕರು ಒಪ್ಪಿದರೆ ಪತ್ತನಾಜೆಗೆ ಮುಂಚಿತವಾಗಿ ಈ ಪುಟದಲ್ಲಿಯೇ ಅದರ ಪಟ್ಟಿ ಬರಲಿ.